ಮಡಿಕೇರಿಯಲ್ಲಿ ಬಾಡಿಗೆಗೆ ಮನೆ ಮಾಡುವ ಮುನ್ನ

"ಮಡಿಕೇರಿಗೆ ಟ್ರಾನ್ಸ್‌ಫರ್ ಆಗಿದೆ, ಮನೆ ಎಲ್ಲಿ ನೋಡಲಿ?" "ಬೆಂಗಳೂರು ಸಾಕಾಗಿದೆ, ಮನೆಯಿಂದಲೇ ಕೆಲಸ, ಬೆಟ್ಟದ ಕಡೆ ಕಿಟಕಿ ಇರೋ ಮನೆ ಸಿಗುತ್ತಾ?" ವರ್ಷವಿಡೀ ಈ ಎರಡು ಪ್ರಶ್ನೆ ಬರುತ್ತಲೇ ಇರುತ್ತವೆ. ಶಾಲೆ ಶುರುವಾಗುವ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಂತೂ ಜಾಸ್ತಿ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಇಲ್ಲಿ ಮನೆ ನೋಡುವವರು ಮೊದಲು ಕೇಳೋದು "ಬಾಡಿಗೆ ಎಷ್ಟು?" ಅಂತ. ಅದಕ್ಕೂ ಮೊದಲು ಕೇಳಬೇಕಾದ್ದು "ಜುಲೈನಲ್ಲಿ ಈ ಮನೆ ಹೇಗಿರುತ್ತೆ?" ಅಂತ. ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಊರು ಇದು. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವಷ್ಟು ಮಳೆ ಇಲ್ಲಿ ಹೆಚ್ಚುಕಡಿಮೆ ಜುಲೈ ಒಂದೇ ತಿಂಗಳಲ್ಲಿ ಸುರಿದು ಹೋಗುತ್ತದೆ. ಮಾರ್ಚಿನ ಬಿಸಿಲಲ್ಲಿ ಎಲ್ಲ ಮನೆಯೂ ಚೆಂದ. ಕೆಳಗೆ ಬರೆದಿರುವುದರಲ್ಲಿ ಅರ್ಧದಷ್ಟು ಮಾತು ಮಳೆಗೆ ಸಂಬಂಧಿಸಿದ್ದೇ.

ಮೊದಲು ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು: ಆಧಾರ್ ಪ್ರತಿ, ಎರಡು ಫೋಟೋ, ಕೆಲಸದ ಗುರುತಿನ ಚೀಟಿ ಅಥವಾ ವರ್ಗಾವಣೆ ಆದೇಶ, ಅಡ್ವಾನ್ಸ್ ಹಣ, ಮನೆ ನೋಡಲು ಕನಿಷ್ಠ ಎರಡು ದಿನದ ಬಿಡುವು. ಜೊತೆಗೆ ಒಂದು ಟಾರ್ಚು ಮತ್ತು ಜಾರದ ಚಪ್ಪಲಿ. ಇವೆರಡು ಯಾಕೆ ಅಂತ ಮೂರನೇ ಹಂತದಲ್ಲಿ ಗೊತ್ತಾಗುತ್ತೆ.

1. ಊರೊಳಗೋ, ಅಂಚಿಗೋ, ತೋಟದಲ್ಲೋ

ಮೂರೂ ಬೇರೆ ಬೇರೆ ಬದುಕು. ಊರೊಳಗೆ ಅಂದರೆ ಮಹದೇವಪೇಟೆ, ಗಣಪತಿ ಬೀದಿ, ದೇಚೂರು, ಕಾನ್ವೆಂಟ್ ಜಂಕ್ಷನ್ ಸುತ್ತಮುತ್ತ. ಅಂಗಡಿ, ಬಸ್ಸು, ಆಸ್ಪತ್ರೆ ಎಲ್ಲ ಹತ್ತಿರ. ಮನೆಗಳು ಒತ್ತೊತ್ತಾಗಿ, ಕೆಲವು ಹಳೆಯವು. ಕಾರು ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. ಪ್ರವಾಸಿಗರು ಸೇರುವ ರಾಜಾಸೀಟಿನ ಹತ್ತಿರ ಮನೆ ಸಿಕ್ಕಿತೆಂದು ಕುಣಿಯುವವರಿಗೆ ಒಂದು ಕಿವಿಮಾತು: ಶನಿವಾರ ಭಾನುವಾರ ನಿಮ್ಮ ಗೇಟಿನ ಮುಂದೆ ಬೇರೆಯವರ ಕಾರು ನಿಂತಿರುತ್ತದೆ.

ಅಂಚಿನ ಬಡಾವಣೆಗಳಲ್ಲಿ ಹೊಸ ಮನೆಗಳು ಜಾಸ್ತಿ, ಗಾಳಿ ಬೆಳಕು ಚೆನ್ನ. ಆದರೆ ಹಲವು ಕಡೆ ಗುಡ್ಡ ಕಡಿದು ಕಟ್ಟಿದ ಮನೆಗಳೇ. ಸ್ಕೂಟರ್ ಕೂಡ ಇಲ್ಲದವರಿಗೆ ಈ ಕಡೆ ಕಷ್ಟ. ನಕ್ಷೆಯಲ್ಲಿ ಒಂದು ಕಿಲೋಮೀಟರ್ ಅಂತ ತೋರಿಸುವ ದಾರಿ ಇಲ್ಲಿ ಏರಿನಲ್ಲಿ ಒಂದು ಕಿಲೋಮೀಟರ್.

ತೋಟದೊಳಗಿನ ಮನೆ. ಹೊರಗಿನಿಂದ ಬರುವ ಬಹುತೇಕರ ಕನಸು ಇದೇ. ಕಾಫಿ ಹೂವಿನ ವಾಸನೆ, ಹಕ್ಕಿ ಸದ್ದು, ಎಲ್ಲ ನಿಜ. ಆದರೆ ಗಾಳಿಮಳೆಗೆ ಒಂದು ಸಿಲ್ವರ್ ಓಕ್ ಮರ ತಂತಿ ಮೇಲೆ ಬಿದ್ದರೆ ಕರೆಂಟು ಬರಲು ಎರಡು ಮೂರು ದಿನ ಆಗಬಹುದು. ಮಣ್ಣಿನ ದಾರಿಯಲ್ಲಿ ನಿಮ್ಮ ಸಣ್ಣ ಕಾರು ಹತ್ತುವುದಿಲ್ಲ. ಜಿಲ್ಲೆಯ ಹಲವು ಕಡೆ ಕಾಡಾನೆಗಳು ತೋಟದಲ್ಲೇ ಓಡಾಡುತ್ತವೆ. ಹಲಸು ಹಣ್ಣಾಗುವ ಕಾಲದಲ್ಲಿ, ಭತ್ತ ಕೊಯ್ಲಿಗೆ ಬಂದಾಗ ಅವುಗಳ ಓಡಾಟ ಇನ್ನೂ ಹೆಚ್ಚು. ಸಂಜೆ ಆರರ ಮೇಲೆ ಮಗುವನ್ನು ಟ್ಯೂಷನ್‌ನಿಂದ ನಡೆಸಿಕೊಂಡು ಬರುವ ಮಾತು ಅಲ್ಲಿ ಇಲ್ಲ. ತೋಟದ ಮನೆ ನೋಡಿದರೆ ಪಕ್ಕದ ಲೈನ್ ಮನೆಯವರನ್ನು, ಅಂದರೆ ತೋಟದ ಕೆಲಸಗಾರರ ಸಾಲುಮನೆಯಲ್ಲಿ ಇರುವವರನ್ನು, "ಆನೆ ಬರುತ್ತಾ?" ಅಂತ ಕೇಳಿ. ಮಾಲೀಕರು ಮೈಸೂರಿನಲ್ಲಿ ಇರಬಹುದು, ಇವರು ದಿನಾ ಆ ದಾರಿಯಲ್ಲೇ ನಡೆಯುವವರು. ಕಾಡುಪ್ರಾಣಿ ವಿಷಯಕ್ಕೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಈಗಲೇ ಫೋನಿನಲ್ಲಿ ಹಾಕಿಕೊಳ್ಳಿ.

ನನ್ನ ಸಲಹೆ ಕೇಳಿದರೆ, ಮೊದಲ ವರ್ಷ ಊರೊಳಗೆ ಇರಿ. ಒಂದು ಮಳೆಗಾಲ ನೋಡಿ. ಆಮೇಲೂ ತೋಟ ಬೇಕು ಅನಿಸಿದರೆ ಹೋಗಿ, ಯಾರೂ ತಡೆಯಲ್ಲ.

2. ಹುಡುಕುವುದು

ದೊಡ್ಡ ಊರಿನ ಬಾಡಿಗೆ ಆ್ಯಪ್‌ಗಳಲ್ಲಿ ಮಡಿಕೇರಿ ಅಂತ ಹಾಕಿ ನೋಡಿ. ಬರೋದು ಹೋಂಸ್ಟೇ ಪಟ್ಟಿಯೇ ಜಾಸ್ತಿ. ನಿಜವಾದ ಮನೆಗಳು ಬಾಯಿಂದ ಬಾಯಿಗೆ ಹೋಗುತ್ತವೆ. ಸ್ಥಳೀಯ ದಿನಪತ್ರಿಕೆ 'ಶಕ್ತಿ'ಯ ಸಣ್ಣ ಜಾಹೀರಾತು ನೋಡಿ. ನಿಮಗೆ ಬೇಕಾದ ಬೀದಿಯ ದಿನಸಿ ಅಂಗಡಿ, ಟೈಲರ್, ಆಟೋ ನಿಲ್ದಾಣದಲ್ಲಿ ಕೇಳಿ. "ಅಣ್ಣ, ಈ ಕಡೆ ಯಾವುದಾದ್ರೂ ಮನೆ ಖಾಲಿ ಇದೆಯಾ?" ಅಂದರೆ ಸಾಕು, ಕನಿಷ್ಠ ಒಂದು ಫೋನ್ ನಂಬರ್ ಸಿಗುತ್ತದೆ. ಕೆಲಸಕ್ಕೆ ಸೇರುವ ಕಚೇರಿ, ಕಾಲೇಜು, ಬ್ಯಾಂಕಿನಲ್ಲಿ ನಿಮಗಿಂತ ಮುಂಚೆ ಇದ್ದು ವರ್ಗವಾಗಿ ಹೋಗುತ್ತಿರುವವರ ಮನೆಯನ್ನೇ ಹಿಡಿಯುವುದು ಎಲ್ಲಕ್ಕಿಂತ ಸುಲಭ. ಆ ಮನೆಯ ಒಳ್ಳೆಯದು ಕೆಟ್ಟದ್ದು ಎರಡೂ ಅವರಿಗೆ ಗೊತ್ತಿರುತ್ತೆ. ಬಿಟ್ಟು ಹೋಗುವವರಿಗೆ ಸುಳ್ಳು ಹೇಳುವ ಅಗತ್ಯವೂ ಇರಲ್ಲ.

ಬ್ರೋಕರ್ ಇದ್ದರೆ ಕಮಿಷನ್ ಎಷ್ಟು ಅಂತ ಮನೆ ತೋರಿಸುವ ಮೊದಲೇ ಮಾತಾಡಿ. ಕರಾರಿಗೆ ಸಹಿ ಬಿದ್ದ ಮೇಲೆ ಕೊಡಿ, ಮೊದಲಲ್ಲ.

ಮನೆ ಕಡಿಮೆ, ಕೇಳುವವರು ಜಾಸ್ತಿ. ಅದಕ್ಕೆ ಕಾರಣ ಎರಡು. ಒಂದು, 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ವಿದ್ಯಾರ್ಥಿಗಳು, ವೈದ್ಯರು, ಸಿಬ್ಬಂದಿ ಬಂದರು. ಇನ್ನೊಂದು, ಎರಡು ರಾತ್ರಿಯ ಹೋಂಸ್ಟೇ ಬಾಡಿಗೆ ಒಳ್ಳೆಯದಿರುವಾಗ ತಿಂಗಳ ಬಾಡಿಗೆಗೆ ಕೊಡಲು ಮಾಲೀಕರಿಗೆ ಮನಸ್ಸು ಬರಲ್ಲ. ಅದಕ್ಕೇ "ಹನ್ನೊಂದು ತಿಂಗಳು ಆದ ಮೇಲೆ ಮುಂದುವರಿಸ್ತೀರಾ, ಹೋಂಸ್ಟೇ ಮಾಡೋ ಯೋಚನೆ ಇದೆಯಾ?" ಅಂತ ನೇರವಾಗಿ ಕೇಳಿ. ಉತ್ತರ ಹೇಳುವಾಗ ತಡವರಿಸಿದರೆ ಅರ್ಥ ಮಾಡಿಕೊಳ್ಳಿ.

ಎಚ್ಚರಿಕೆ: ಆನ್‌ಲೈನಿನಲ್ಲಿ ಚೆಂದದ ಫೋಟೋ, ಅಗ್ಗದ ಬಾಡಿಗೆ, "ನಾನು ಸೈನ್ಯದಲ್ಲಿದ್ದೇನೆ, ಈಗ ಗಡಿಯಲ್ಲಿ ಪೋಸ್ಟಿಂಗ್, ಟೋಕನ್ ಹಣ ಕಳಿಸಿ, ಕೀಲಿ ಕಳಿಸ್ತೀನಿ" ಅನ್ನುವ ಸಂದೇಶ ಬಂದರೆ ಅದು ಮೋಸ. ದೇಶದ ಎಲ್ಲ ಕಡೆ ನಡೆಯುವ ಆಟ ಇದು. ಸೈನ್ಯಕ್ಕೆ ಅಷ್ಟೊಂದು ಜನರನ್ನು ಕಳಿಸಿರುವ ಕೊಡಗಿನಲ್ಲಿ ಇದನ್ನು ನಂಬುವುದು ಇನ್ನೂ ಸುಲಭ, ಅಲ್ವಾ? ಮನೆಯೊಳಗೆ ಕಾಲಿಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕಳಿಸಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

3. ಮೊದಲು ಮನೆಯ ಹಿಂದಕ್ಕೆ ಹೋಗಿ

ಬಾಗಿಲು ತೆಗೆಸುವ ಮೊದಲು ಹಿಂದಕ್ಕೆ ಹೋಗಿ ನಿಲ್ಲಿ. ಇಲ್ಲಿನವರು 'ಬರೆ' ಅಂತಾರೆ: ಮನೆ ಕಟ್ಟಲು ಗುಡ್ಡವನ್ನು ಕಡಿದಾಗ ಹಿಂದೆ ಗೋಡೆಯಂತೆ ನೆಟ್ಟಗೆ ಉಳಿಯುವ ಮಣ್ಣು. ಮಳೆಗಾಲದ ಪತ್ರಿಕೆಗಳಲ್ಲಿ 'ಬರೆ ಕುಸಿತ' ಅನ್ನುವ ಸುದ್ದಿ ದಿನಾ ಇರುತ್ತದೆ. ಬರೆ ಜರಿದರೆ ಮೊದಲು ಬೀಳುವುದು ಅಡುಗೆಮನೆ, ಬಚ್ಚಲ ಮೇಲೆ. ಯಾಕೆಂದರೆ ಅವು ಹಿಂದೆ ಇರುತ್ತವೆ.

2018ರ ಆಗಸ್ಟ್ ಮಧ್ಯದ ದಿನಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳೇ ಇಳಿದು ಬಂದವು. ಪಟ್ಟಣದ ಒಳಗೂ ಇಂದಿರಾನಗರ, ಚಾಮುಂಡೇಶ್ವರಿ ನಗರದಲ್ಲಿ ಮನೆಗಳು ಹೋದವು. ಆ ಬಡಾವಣೆಗಳ ಪ್ರತಿ ಮನೆಯೂ ಅಪಾಯದಲ್ಲಿದೆ ಅಂತ ನಾನು ಹೇಳುತ್ತಿಲ್ಲ. ಹೆಸರು ನೋಡಿ ಹೆದರುವುದಕ್ಕಿಂತ ಮನೆ ನೋಡಿ ತೀರ್ಮಾನಿಸಿ. ನೋಡುವುದು ಹೀಗೆ.

ಬರೆ ಎಷ್ಟು ಎತ್ತರ, ಮನೆಯ ಗೋಡೆಯಿಂದ ಎಷ್ಟು ದೂರ? ಕೈ ಚಾಚಿದರೆ ಮಣ್ಣು ಸಿಗುತ್ತೆ, ಬರೆ ಮಾತ್ರ ಮನೆಯ ಮಾಡನ್ನು (ಛಾವಣಿಯನ್ನು) ಮೀರಿ ಎದ್ದಿದೆ ಅಂದರೆ ನಾನು ಬಾಗಿಲು ತೆಗೆಸೋದೇ ಇಲ್ಲ, ವಾಪಸ್ ಬರ್ತೀನಿ.

ತಡೆಗೋಡೆ ಇದೆಯಾ? ಇದ್ದರೆ ಅದರಲ್ಲಿ ಸಾಲಾಗಿ ಪೈಪಿನ ತೂತುಗಳಿವೆಯಾ ನೋಡಿ. ಗೋಡೆಯ ಹಿಂದೆ ಇಂಗಿದ ನೀರು ಹೊರಗೆ ಬರಬೇಕಾದದ್ದು ಅಲ್ಲಿಂದಲೇ. ತೂತೇ ಇಲ್ಲದ ಅಥವಾ ಮಣ್ಣು ಕಟ್ಟಿಕೊಂಡ ಗೋಡೆ ನೀರಿನ ಭಾರಕ್ಕೆ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ಒಂದು ಕಣ್ಣು ಮುಚ್ಚಿ ಗೋಡೆಯ ಉದ್ದಕ್ಕೂ ಅಡ್ಡವಾಗಿ ನೋಡಿದರೆ ಆ ಉಬ್ಬು ಕಾಣುತ್ತದೆ.

ಮೇಲಿನ ನೀರು ಎಲ್ಲಿಗೆ ಹೋಗುತ್ತದೆ? ಬರೆಯ ತಲೆಯ ಮೇಲೆ ಇನ್ನೊಬ್ಬರ ಮನೆ ಇದ್ದರೆ ಅವರ ಮಾಡಿನ ನೀರು, ಬಚ್ಚಲ ನೀರು ಎತ್ತ ಹರಿಯುತ್ತೆ ಅಂತ ಟಾರ್ಚು ಹಿಡಿದು ನೋಡಿ. ಚರಂಡಿ ಇರಬೇಕು, ಅದರಲ್ಲಿ ಕಸ ತುಂಬಿರಬಾರದು. ಜಾರದ ಚಪ್ಪಲಿ ಇಲ್ಲಿಗೇ ಬೇಕಾಗೋದು.

ಮರಗಳು ಮನೆ ಕಡೆಗೆ ವಾಲಿವೆಯಾ? ಬರೆಯ ಮೇಲೆ ಉದ್ದಕ್ಕೆ ಬಿರುಕು ಇದೆಯಾ? ಬೇಸಿಗೆಯಲ್ಲೂ ಮಣ್ಣಿನಿಂದ ನೀರು ಜಿನುಗುತ್ತಿದೆಯಾ? ಇದರಲ್ಲಿ ಒಂದಕ್ಕೆ ಹೌದು ಅಂತ ಉತ್ತರ ಬಂದರೂ ಬೇರೆ ಮನೆ ನೋಡಿ.

ಮುಂದುಗಡೆಯನ್ನೂ ಮರೆಯಬೇಡಿ. ಗುಡ್ಡ ಕಡಿದ ಮಣ್ಣನ್ನು ಮುಂದೆ ತುಂಬಿಸಿ, ಅದರ ಮೇಲೆ ಸಿಟೌಟ್, ಕಾರ್ ಶೆಡ್ ಕಟ್ಟುವ ರೂಢಿ ಇದೆ. ತುಂಬಿಸಿದ ಮಣ್ಣು ನಿಧಾನಕ್ಕೆ ಕುಗ್ಗುತ್ತದೆ. ಸಿಟೌಟ್ ಮತ್ತು ಮನೆ ಸೇರುವ ಜಾಗದಲ್ಲಿ ಸಿಮೆಂಟ್ ಮೆತ್ತಿದ ಗೆರೆ ಕಂಡರೆ, ಮುಂಬಾಗಿಲು ಚೌಕಟ್ಟಿಗೆ ಉಜ್ಜುತ್ತಿದ್ದರೆ, ಯಾವಾಗಿಂದ ಹೀಗೆ ಅಂತ ಕೇಳಿ.

ಕೊನೆಗೆ ಪಕ್ಕದ ಮನೆಯವರ ಹತ್ತಿರ ಎರಡು ನಿಮಿಷ ಮಾತಾಡಿ. "ಅಕ್ಕ, 2018ರಲ್ಲಿ ಈ ಕಡೆ ಏನಾದ್ರೂ ಆಗಿತ್ತಾ? ಮಳೆಗಾಲದಲ್ಲಿ ಈ ಮನೆಯವರಿಗೆ ನೋಟಿಸ್ ಕೊಟ್ಟಿದ್ರಾ?" ಗುಡ್ಡದಂಚಿನ ಮನೆಗಳಿಗೆ ಮಳೆಗಾಲದಲ್ಲಿ ಖಾಲಿ ಮಾಡಿ ಅಂತ ಆಡಳಿತ ನೋಟಿಸ್ ಕೊಡುವುದುಂಟು. ಬಾಡಿಗೆದಾರರಿಗೆ ಅದು ಗೊತ್ತಾಗೋದು ಮನೆಗೆ ಬಂದ ಮೇಲೆ.

4. ಒಳಗೆ: ಮೂಗು ಮೊದಲು, ಕಣ್ಣು ಆಮೇಲೆ

ಬಾಗಿಲು ತೆಗೆದ ತಕ್ಷಣ ಒಮ್ಮೆ ಮೂಗೆಳೆದುಕೊಳ್ಳಿ. ಮುಚ್ಚಿಟ್ಟ ಹಳೇ ಪುಸ್ತಕದಂಥ ವಾಸನೆ ಬಂದರೆ ಗೋಡೆಯಲ್ಲಿ ತೇವ ಇದೆ. ಹೊಸ ಪೇಂಟಿನ ವಾಸನೆ ಬಂದರೆ ಇನ್ನೂ ಎಚ್ಚರವಾಗಿರಿ. ನಾನು ಮೊದಲು ಹಿಡಿದ ಮನೆಗೆ ಮೇ ತಿಂಗಳಲ್ಲಿ ಹಾಲುಬಿಳಿ ಬಣ್ಣ ಬಳಿದಿದ್ದರು. ಜುಲೈ ಎರಡನೇ ವಾರಕ್ಕೆ ಮಂಚದ ತಲೆಭಾಗದ ಗೋಡೆಯಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿತು. ಬೆರಳಿಟ್ಟರೆ ಪುಡಿಪುಡಿ. ಅದರ ಕೆಳಗೆ ಕಪ್ಪು ಬೂಷ್ಟು, ಎಷ್ಟೋ ವರ್ಷದ್ದು.

ಬಣ್ಣ ಸುಳ್ಳು ಹೇಳಬಹುದು, ಕೆಲವು ಜಾಗ ಹೇಳಲ್ಲ. ಗೋಡೆಗೆ ಅಂಟಿಸಿದ ಕಪಾಟಿನ ಹಿಂಬದಿಯ ಹಲಗೆ, ಅಡುಗೆಮನೆ ಸಿಂಕಿನ ಕೆಳಗಿನ ಮೂಲೆ, ಬಾಗಿಲ ಚೌಕಟ್ಟಿನ ಬುಡ. ಕಪಾಟಿನ ಬಾಗಿಲು ತೆಗೆದು ತಲೆ ಒಳಗೆ ಹಾಕಿ ನೋಡಿ, ಸಂಕೋಚ ಬೇಡ. ಸ್ವಿಚ್ ಬೋರ್ಡಿನ ತಿರುಪುಗಳು ತುಕ್ಕು ಹಿಡಿದಿದ್ದರೆ ಆ ಗೋಡೆಯಲ್ಲಿ ನೀರು ಇಳಿಯುತ್ತದೆ. ಇದು ಬರೀ ಬೂಷ್ಟಿನ ಪ್ರಶ್ನೆ ಅಲ್ಲ, ಶಾಕ್ ಹೊಡೆಯುವ ಪ್ರಶ್ನೆ. ಮೀಟರ್ ಬೋರ್ಡಿನಲ್ಲಿ ಇಎಲ್‌ಸಿಬಿ ಇದೆಯಾ ಕೇಳಿ. ಕರೆಂಟು ಎಲ್ಲಾದರೂ ಸೋರಿದರೆ ತಾನಾಗೇ ಆಫ್ ಮಾಡುವ ಸಣ್ಣ ಪೆಟ್ಟಿಗೆ ಅದು.

ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುತ್ತದೆ. ಆ ಕಡೆಗೆ ತೆರೆದ ಗೋಡೆಗೆ ಎರಚಲು ನಾಲ್ಕು ತಿಂಗಳು ಬಡಿಯುತ್ತಲೇ ಇರುತ್ತದೆ. ಮಲಗುವ ಕೋಣೆ, ಮಕ್ಕಳ ಪುಸ್ತಕದ ಕಪಾಟು ಆ ಕಡೆ ಬರದಿದ್ದರೆ ಒಳ್ಳೆಯದು. ಪೂರ್ವದ ಬಿಸಿಲು ಒಂದು ಗಂಟೆಯಾದರೂ ಒಳಗೆ ಬೀಳುವ ಮನೆ ಸಿಕ್ಕರೆ ಐನೂರು ರೂಪಾಯಿ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ. 'ವ್ಯೂ' ಚೆನ್ನಾಗಿದೆ ಅಂತ ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿ ಇರುವ ಮನೆ ತೋರಿಸ್ತಾರೆ. ಜುಲೈ ಆಗಸ್ಟ್‌ನಲ್ಲಿ ಆ ಕಿಟಕಿಯಿಂದ ಕಾಣೋದು ಮಂಜಿನ ಬಿಳಿ, ಕಿಟಕಿಯ ಸಂದಿನಿಂದ ಬರೋದು ನೀರು.

ಮಾಡು ಯಾವ ಥರದ್ದು? ಹೆಂಚಿನ ಮನೆ ಚಳಿಗಾಲದಲ್ಲಿ ಥಂಡಿ, ಆದರೆ ಉಸಿರಾಡುತ್ತದೆ. ಒಡೆದ ಹೆಂಚನ್ನು ಪ್ರತಿ ವರ್ಷ ಮೇ ಒಳಗೆ ಬದಲಿಸಬೇಕು. ಅದು ಮಾಲೀಕರ ಕೆಲಸ ಅಂತ ಮೊದಲೇ ಒಪ್ಪಿಸಿಕೊಳ್ಳಿ. ತಾರಸಿ ಮನೆಯಾದರೆ ಮೇಲೆ ಶೀಟು ಹಾಕಿದ್ದಾರಾ ನೋಡಿ. ಇಲ್ಲಿ ಬಹಳ ಮನೆಗಳಲ್ಲಿ ತಾರಸಿಯ ಮೇಲೆ ಇಳಿಜಾರಾಗಿ ತಗಡಿನ ಶೀಟು ಕೂರಿಸಿರುತ್ತಾರೆ. ಹೊಸಬರಿಗೆ ಇದು ಅಸಹ್ಯ ಅನಿಸುತ್ತದೆ. ಮಳೆಗಾಲದಲ್ಲಿ ಆ ಶೀಟಿನ ಕೆಳಗಿನ ಜಾಗವೇ ಮನೆಯ ಅತಿ ಬೆಲೆಬಾಳುವ ಕೋಣೆ, ಬಟ್ಟೆ ಒಣಗುವ ಜಾಗ ಅದೊಂದೇ. "ಮೇಲಿನ ಜಾಗ ನಾವೂ ಬಳಸಬಹುದಾ?" ಅಂತ ಕೇಳದೆ ಮುಂಗಡ ಕೊಡಬೇಡಿ. ಕೆಳಗಿನ ಮನೆ ಬಾಡಿಗೆಗೆ, ಮೇಲೆ ಮಾಲೀಕರು ಇದ್ದಾರೆ ಅಂದರೆ ಈ ಜಗಳ ಬಂದೇ ಬರುತ್ತದೆ.

ಇನ್ನೊಂದು: ರಸ್ತೆಯಿಂದ ಮನೆಗೆ ಎಷ್ಟು ಮೆಟ್ಟಿಲು? ಎಣಿಸಿ. ಹತ್ತು ಹದಿನೈದು ಪರವಾಗಿಲ್ಲ. ನಲವತ್ತು ಇದ್ದರೆ ಗ್ಯಾಸ್ ಸಿಲಿಂಡರ್ ಯಾರು ಇಳಿಸ್ತಾರೆ, ಅಜ್ಜಿಯನ್ನು ಆಸ್ಪತ್ರೆಗೆ ಹೇಗೆ ಹತ್ತಿಸೋದು, ಪಾಚಿ ಕಟ್ಟಿದಾಗ ಕೈ ಹಿಡಿಯಲು ಕಂಬಿ ಇದೆಯಾ ಅಂತ ಯೋಚಿಸಿ.

5. ನೀರು, ಕರೆಂಟು, ಸಿಗ್ನಲ್

ಇಷ್ಟು ಮಳೆ ಬೀಳುವ ಊರಿನಲ್ಲಿ ನೀರಿಗೇನು ಕೊರತೆ ಅಂತೀರಾ? ಮಳೆ ನೀರೆಲ್ಲ ಇಳಿಜಾರಿನಲ್ಲಿ ಹರಿದು ಹೋಗುತ್ತದೆ. ಪಟ್ಟಣಕ್ಕೆ ಮುಖ್ಯವಾಗಿ ನೀರು ಬರುವುದು ಕೂಟುಹೊಳೆಯಿಂದ, ಅದನ್ನು ಪಂಪ್ ಮಾಡಿ ಮೇಲಕ್ಕೆ ತರಬೇಕು. ಎತ್ತರದ ಮನೆಗಳಿಗೆ ಬೇಸಿಗೆಯಲ್ಲಿ ಸರಿಯಾಗಿ ಹತ್ತುವುದಿಲ್ಲ. ನಗರಸಭೆ ನಲ್ಲಿ ಯಾವ ದಿನ ಬರುತ್ತೆ, ಎಷ್ಟು ಹೊತ್ತು, ಟ್ಯಾಂಕು ಎಷ್ಟು ಲೀಟರಿನದು, ಎಷ್ಟು ಮನೆಗೆ ಒಂದೇ ಟ್ಯಾಂಕು, ಬಾವಿ ಇದ್ದರೆ ಏಪ್ರಿಲ್‌ನಲ್ಲಿ ಎಷ್ಟು ನೀರು: ಇಷ್ಟು ಕೇಳಿ.

ಬಿಸಿನೀರಿಗೆ ಏನಿದೆ? ಸೋಲಾರ್ ಇದೆ ಅಂತ ಖುಷಿಪಡಬೇಡಿ, ಜುಲೈನಲ್ಲಿ ಅದಕ್ಕೂ ರಜೆ. ಬಚ್ಚಲಲ್ಲಿ ಹಂಡೆ ಒಲೆ ಇರುವ ಹಳೆ ಮನೆ ಸಿಕ್ಕರೆ ಬಿಡಬೇಡಿ. ನೀರೂ ಕಾಯುತ್ತದೆ, ಒಲೆಯ ಮೇಲೆ ಹಗ್ಗ ಕಟ್ಟಿದರೆ ಶಾಲೆ ಯೂನಿಫಾರ್ಮೂ ಒಣಗುತ್ತದೆ. ಹೊಗೆವಾಸನೆ ಒಂದು ವಾರದಲ್ಲಿ ಅಭ್ಯಾಸ ಆಗುತ್ತದೆ.

ಕರೆಂಟು ಕೊಡುವುದು ಚೆಸ್ಕಾಂ, ದೂರಿಗೆ 1912. ಮನೆಗೆ ಬೇರೆ ಮೀಟರ್ ಇದೆಯಾ ಅನ್ನುವುದು ಬಹಳ ಮುಖ್ಯ. 2023ರ ಜುಲೈನಿಂದ ಜಾರಿಯಲ್ಲಿರುವ ಗೃಹಜ್ಯೋತಿ, ಅಂದರೆ ಸರ್ಕಾರದ ಉಚಿತ ಕರೆಂಟಿನ ಯೋಜನೆ, ಬಾಡಿಗೆದಾರರಿಗೂ ಸಿಗುತ್ತದೆ. ಮೀಟರಿನ ಆರ್‌ಆರ್ ನಂಬರ್ (ಬಿಲ್ಲಿನ ಮೇಲೆ ಇರುವ ಸಂಪರ್ಕ ಸಂಖ್ಯೆ) ಮತ್ತು ನಿಮ್ಮ ಆಧಾರ್ ಇಟ್ಟು ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು. ತೊಡಕು ಎಲ್ಲಿ ಬರುತ್ತದೆ ಅಂದರೆ, ಮಾಲೀಕರ ಮೀಟರಿನಿಂದಲೇ ನಿಮಗೆ ಸಬ್ ಮೀಟರ್ ಹಾಕಿರುತ್ತಾರೆ. ಎರಡು ಮನೆಯ ಬಳಕೆ ಸೇರಿ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ಆಮೇಲೆ ಗೀಸರ್ ಯಾರು ಜಾಸ್ತಿ ಹಾಕಿದ್ದು ಅಂತ ಮಾತು ಶುರು. ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಆ ಮೀಟರಿಗೆ ಜೋಡಣೆಯಾಗಿದ್ದರೆ ನಿಮ್ಮದು ಹತ್ತುವುದಿಲ್ಲ. ಅವರಿಂದ ಡಿ-ಲಿಂಕ್ ಮಾಡಿಸಿ, ಅಂದರೆ ಆ ಜೋಡಣೆ ಬಿಡಿಸಿಕೊಳ್ಳಿ ಅಂತ ಮಾಲೀಕರಿಗೆ ಹೇಳಿ.

ಸಿಗ್ನಲ್ ವಿಷಯ ಚಿಕ್ಕದು. ಮನೆಯಿಂದ ಕೆಲಸ ಮಾಡುವವರು ಪ್ರತಿ ಕೋಣೆಯಲ್ಲೂ ನಿಂತು ಒಂದು ಕರೆ ಮಾಡಿ ನೋಡಿ. ಗುಡ್ಡದ ಈ ಕಡೆ ಇರುವ ಸಿಗ್ನಲ್ ಆ ಕಡೆ ಇರಲ್ಲ. ಫೈಬರ್ ಲೈನ್ ಪಕ್ಕದ ಮನೆಗೆ ಬಂದಿದೆಯಾ ಕೇಳಿ. "ಹಾಕಿಸಬಹುದು" ಅನ್ನುವುದು ಉತ್ತರ ಅಲ್ಲ.

6. ಹಣದ ಮಾತು

ಬಾಡಿಗೆ ಇಂತಿಷ್ಟೇ ಅಂತ ಬರೆದರೆ ಮುಂದಿನ ವರ್ಷಕ್ಕೆ ಸುಳ್ಳಾಗುತ್ತದೆ. ಒಂದೇ ಬೀದಿಯಲ್ಲಿ ಮೂರು ಮನೆ ವಿಚಾರಿಸಿ, ಅಂದಾಜು ನಿಮಗೇ ಸಿಗುತ್ತದೆ. ಅಡ್ವಾನ್ಸ್ ಮೂರರಿಂದ ಐದು ತಿಂಗಳ ಬಾಡಿಗೆಯಷ್ಟಿದ್ದರೆ ಒಪ್ಪಬಹುದು. ಹತ್ತು ತಿಂಗಳದ್ದು ಕೇಳಿದರೆ "ಸಾರ್, ಅಷ್ಟು ಆಗಲ್ಲ, ಬಾಡಿಗೆ ಐದನೇ ತಾರೀಖಿನೊಳಗೆ ಹಾಕ್ತೀನಿ" ಅಂತ ಚೌಕಾಸಿ ಮಾಡಿ. ಸಂಬಳದ ಕೆಲಸ, ಸಣ್ಣ ಸಂಸಾರ ಅಂದರೆ ಬಹಳ ಮಾಲೀಕರು ಇಳಿಯುತ್ತಾರೆ. ಬ್ಯಾಚುಲರ್‌ಗಳಿಗೆ ಕಷ್ಟ. ಅದು ಸರಿಯಲ್ಲ, ಆದರೆ ಇರುವುದು ಹಾಗೆ. ಸಹೋದ್ಯೋಗಿಯೊಬ್ಬರ ಪರಿಚಯ ಹೇಳಿಸಿದರೆ ಸುಲಭವಾಗುತ್ತದೆ.

'ಭೋಗ್ಯಕ್ಕೆ ಇದೆ' ಅಂತಲೂ ಹೇಳ್ತಾರೆ, ಕೆಲವರು ಲೀಸ್ ಅಂತಾರೆ. ಒಂದೇ ಸಲ ದೊಡ್ಡ ಮೊತ್ತ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಹಣ ವಾಪಸ್ ಪಡೆಯುವ ಪದ್ಧತಿ. ನಾನು ಬೇಡ ಅಂತೀನಿ. ಬ್ಯಾಂಕ್ ಸಾಲಕ್ಕೆ ಮನೆ ಅಡವಿದ್ದರೆ ನಿಮ್ಮ ಹಣ ಸಿಕ್ಕಿಬೀಳುತ್ತದೆ. ಮಾಡಲೇಬೇಕು ಅಂದರೆ ಕಾವೇರಿ ಆನ್‌ಲೈನ್‌ನಲ್ಲಿ ಇಸಿ ತೆಗೆಸಿ. ಇಸಿ ಅಂದರೆ ಋಣಭಾರ ಪತ್ರ, ಆ ಆಸ್ತಿಯ ಮೇಲೆ ನೋಂದಣಿಯಾದ ಸಾಲ, ಮಾರಾಟಗಳ ಪಟ್ಟಿ. ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಿ.

ಎಲ್ಲ ಹಣವನ್ನೂ ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಡಿ. ಮನೆ ಕಂದಾಯದ ರಸೀದಿಯಲ್ಲಿರುವ ಹೆಸರು, ಹಣ ಹೋಗುವ ಖಾತೆಯ ಹೆಸರು, ಕರಾರಿನ ಹೆಸರು ಮೂರೂ ಒಂದೇ ಇರಲಿ. ಇಲ್ಲಿ ಕೂಡುಕುಟುಂಬದ ಆಸ್ತಿ ಬಹಳ. ಅಣ್ಣ ಬಾಡಿಗೆಗೆ ಕೊಟ್ಟು, ತಮ್ಮ ಬಂದು ಖಾಲಿ ಮಾಡಿ ಅನ್ನಬಾರದಲ್ವಾ? ಬಾಡಿಗೆ ವರ್ಷಕ್ಕೆ ಒಂದು ಲಕ್ಷ ದಾಟಿದರೆ, ಆದಾಯ ತೆರಿಗೆಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳುವವರಿಗೆ ಮಾಲೀಕರ ಪ್ಯಾನ್ ಬೇಕು. ಅದನ್ನೂ ಮೊದಲೇ ಕೇಳಿ.

7. ಕರಾರು ಪತ್ರ

ಎಲ್ಲರೂ 11 ತಿಂಗಳಿಗೇ ಯಾಕೆ ಬರೆಸ್ತಾರೆ? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು 11. ಇ-ಸ್ಟಾಂಪ್ ಕಾಗದದಲ್ಲಿ ಟೈಪ್ ಮಾಡಿಸಿ, ಇಬ್ಬರೂ ಸಹಿ ಹಾಕಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ.

ಟೈಪ್ ಮಾಡುವವರ ಹತ್ತಿರ ಒಂದು ಸಿದ್ಧ ನಮೂನೆ ಇರುತ್ತದೆ. ಹೆಸರು, ಮೊತ್ತ ಬದಲಿಸಿ ಕೊಡುತ್ತಾರೆ. ಅದರಲ್ಲಿ ಮಳೆಯ ಸುದ್ದಿಯೇ ಇರಲ್ಲ. ಈ ಮೂರು ಸಾಲು ಸೇರಿಸಿ ಅಂತ ಹೇಳಿ:

"ಮಾಡು, ಗೋಡೆ, ತಡೆಗೋಡೆಯ ದುರಸ್ತಿಯನ್ನು ಪ್ರತಿ ವರ್ಷ ಮೇ 31ರೊಳಗೆ ಮಾಲೀಕರು ತಮ್ಮ ಖರ್ಚಿನಲ್ಲಿ ಮಾಡಿಸತಕ್ಕದ್ದು."

"ಮಳೆ, ಗಾಳಿ, ಭೂಕುಸಿತದಿಂದ ಮನೆ ವಾಸಕ್ಕೆ ಯೋಗ್ಯವಲ್ಲದಂತಾದರೆ ಅಥವಾ ಖಾಲಿ ಮಾಡುವಂತೆ ಆಡಳಿತ ಸೂಚಿಸಿದರೆ, ಬಾಡಿಗೆದಾರರು ಮುಂಗಡ ತಿಳುವಳಿಕೆ ಇಲ್ಲದೆ ಮನೆ ಬಿಡಬಹುದು. ಅಂದಿನಿಂದ ಬಾಡಿಗೆ ನಿಲ್ಲತಕ್ಕದ್ದು, ಮುಂಗಡ ಹಣ 15 ದಿನದೊಳಗೆ ವಾಪಸ್ಸಾಗತಕ್ಕದ್ದು."

"ತೇವದಿಂದ ಗೋಡೆ, ಬಣ್ಣ ಹಾಳಾದಲ್ಲಿ ಅದರ ಖರ್ಚನ್ನು ಮುಂಗಡದಿಂದ ಮುರಿದುಕೊಳ್ಳುವಂತಿಲ್ಲ."

ಎರಡನೇ ಸಾಲಿಗೆ ಮಾಲೀಕರು ಮುಖ ಸಿಂಡರಿಸಬಹುದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲೇ ಇದರ ಬೇರು ಇದೆ ಅಂತ ನಯವಾಗಿ ಹೇಳಿ. ಬೆಂಕಿ, ಬಿರುಗಾಳಿ, ಪ್ರವಾಹದಂಥದ್ದರಿಂದ ಮನೆ ಶಾಶ್ವತವಾಗಿ ಉಪಯೋಗಕ್ಕೆ ಬಾರದಂತಾದರೆ ಕರಾರನ್ನು ರದ್ದು ಮಾಡುವ ಆಯ್ಕೆ ಬಾಡಿಗೆದಾರರದ್ದು. ಬರೆದಿಟ್ಟರೆ ಇಬ್ಬರಿಗೂ ತಲೆನೋವು ಕಡಿಮೆ.

ಮನೆ ಬಿಡಲು ಎಷ್ಟು ದಿನ ಮೊದಲು ಹೇಳಬೇಕು ಅನ್ನುವುದೂ ಇರಲಿ. ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಗೆ ಅದೇ ಕಾಯ್ದೆಯ 106ನೇ ಕಲಮಿನ ಪ್ರಕಾರ 15 ದಿನದ ನೋಟಿಸ್ ಸಾಕಾಗುತ್ತದೆ. ಮಕ್ಕಳ ಪರೀಕ್ಷೆ ಹೊತ್ತಿನಲ್ಲಿ 15 ದಿನದಲ್ಲಿ ಇನ್ನೊಂದು ಮನೆ ಹುಡುಕೋದು ಆಗದ ಮಾತು. ಎರಡು ತಿಂಗಳು ಅಂತ ಬರೆಸಿ. ನಾಯಿ ಇದ್ದರೆ ನಾಯಿಯನ್ನೂ ಬರೆಸಿ. ಆಧಾರ್ ಪ್ರತಿ ಕೊಡುವಾಗ ಅದರ ಮೇಲೆ ಅಡ್ಡಕ್ಕೆ "ಬಾಡಿಗೆ ಕರಾರಿಗೆ ಮಾತ್ರ" ಅಂತ ದಿನಾಂಕ ಹಾಕಿ ಬರೆಯಿರಿ.

ಬಾಡಿಗೆ ಮನೆಯ ಒಂದು ಕೋಣೆಯನ್ನು ವಾರಾಂತ್ಯಕ್ಕೆ ಪ್ರವಾಸಿಗರಿಗೆ ಕೊಡುವ ಆಸೆ ಕೆಲವರಿಗೆ ಬರುತ್ತದೆ. ಹೋಂಸ್ಟೇ ನಡೆಸಲು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಬೇಕು. ಮಾಲೀಕರ ಬರಹದ ಒಪ್ಪಿಗೆ ಇಲ್ಲದೆ ಅದು ಕರಾರು ಮುರಿದಂತೆ. ಸುಮ್ನೆ ಆ ಗೊಡವೆಗೆ ಹೋಗಬೇಡಿ.

8. ಸಾಮಾನು ಮತ್ತು ಮೊದಲ ಮಳೆಗಾಲ

ಮೇ ಮುಗಿಯುವ ಮೊದಲು ಸಾಗಿಸಿ. ಬೆಂಗಳೂರಿನಿಂದ ದೊಡ್ಡ ಲಾರಿ ತಂದರೆ ನಿಮ್ಮ ಓಣಿಗೆ ತಿರುಗುವುದಿಲ್ಲ. ಕೊನೆಯ ಒಂದು ಕಿಲೋಮೀಟರಿಗೆ ಪಿಕಪ್ ಬೇಕಾಗಬಹುದು, ಡ್ರೈವರಿಗೆ ರಸ್ತೆಯ ವಿಡಿಯೋ ಮೊದಲೇ ಕಳಿಸಿ. ಮರದ ಪುಡಿ ಒತ್ತಿ ಮಾಡಿದ ಅಗ್ಗದ ವಾರ್ಡ್‌ರೋಬ್ ತರಬೇಡಿ, ಎರಡನೇ ಮಳೆಗೆ ಬಿಸ್ಕತ್ತಿನಂತೆ ಉಬ್ಬುತ್ತದೆ. ಕಬ್ಬಿಣದ ಬೀರು ಒಳ್ಳೆಯದು. ಅದನ್ನೂ ಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟು ಇಡಿ.

ಸರ್ಟಿಫಿಕೇಟ್, ಆಸ್ತಿಪತ್ರ, ಕ್ಯಾಮೆರಾ ಇವನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಚರ್ಮದ ಬೆಲ್ಟು, ಶೂ ಹೊರಗೆ ಬಿಟ್ಟರೆ ಎಂಟು ದಿನದಲ್ಲಿ ಹಸಿರು ಬೂಷ್ಟು. ಬೀರುವಿನ ಕೆಳಗಿನ ಖಾನೆಯಲ್ಲಿ ಬಟ್ಟೆಗೆ ತಾಗದಂತೆ ಒಂದು ಸಣ್ಣ ಬಲ್ಬು ಉರಿಸಿಡುವುದು ಇಲ್ಲಿನ ಹಳೆಯ ಉಪಾಯ. ಹಳೇ ಕಾಲದ ತಂತಿ ಬಲ್ಬೇ ಆಗಬೇಕು, ಎಲ್‌ಇಡಿಯಿಂದ ಬಿಸಿ ಬರಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಆರಿಸಿ.

ತುರ್ತಿಗೆ ಜಿಲ್ಲಾ ವಿಪತ್ತು ಸಹಾಯವಾಣಿ 1077. ಅಡುಗೆಮನೆ ಗೋಡೆ ಮೇಲೆ ಬರೆದು ಅಂಟಿಸಿ. ಎಡೆಬಿಡದೆ ಮಳೆ ಸುರಿಯುತ್ತಿರುವಾಗ ಬರೆಯಿಂದ ಕೆಸರುನೀರು ಬರತೊಡಗಿದರೆ, ನಿನ್ನೆಯವರೆಗೆ ಸರಿಯಾಗಿ ಮುಚ್ಚುತ್ತಿದ್ದ ಬಾಗಿಲು ಇವತ್ತು ಸಿಕ್ಕಿಕೊಂಡರೆ, ಗೋಡೆಯಲ್ಲಿ ಹೊಸ ಬಿರುಕು ಕಂಡರೆ ಬೆಳಗಾಗಲಿ ನೋಡೋಣ ಅನ್ನಬೇಡಿ. ಕಾಗದಪತ್ರದ ಡಬ್ಬಿ ಎತ್ತಿಕೊಂಡು ಹೊರಡಿ. ಎಲ್ಲಿಗೆ ಹೋಗೋದು ಅನ್ನುವುದನ್ನು ಜೂನ್ ಮೊದಲ ವಾರವೇ ತೀರ್ಮಾನಿಸಿಡಿ. ಊರಲ್ಲಿ ಎತ್ತರದ, ಗಟ್ಟಿ ಜಾಗದ ಒಬ್ಬ ಸ್ನೇಹಿತರ ಮನೆ ಸಾಕು.

9. ಮನೆ ಬಿಡುವಾಗ

ಒಳಬಂದ ದಿನವೇ ಪ್ರತಿ ಗೋಡೆಯ ಫೋಟೋ ತೆಗೆದು ಮಾಲೀಕರಿಗೆ ವಾಟ್ಸ್ಆ್ಯಪ್ ಮಾಡಿದ್ದರೆ ಈ ಹಂತ ಸಲೀಸು. ಬಿಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿ ಇದೆ. ಕರಾರಿನಲ್ಲಿ ಎಷ್ಟು ಅಂತ ಬರೆದಿದೆಯೋ ಅಷ್ಟೇ. ಮಳೆಗಾಲದಲ್ಲಿ ಬಿಟ್ಟರೆ ಗೋಡೆಯೆಲ್ಲ ಕಪ್ಪಾಗಿ ಕಾಣುವುದರಿಂದ ಈ ಚರ್ಚೆ ಉದ್ದವಾಗುತ್ತದೆ. ಸಾಧ್ಯವಾದರೆ ಜನವರಿ ಫೆಬ್ರುವರಿಯಲ್ಲಿ ಬಿಡಿ, ಬಿಸಿಲಿಗೆ ಗೋಡೆ ಒಣಗಿರುತ್ತೆ, ಹೊಸ ಬಾಡಿಗೆದಾರರೂ ಬೇಗ ಸಿಗುತ್ತಾರೆ.

ಅಡ್ವಾನ್ಸ್ ಕೈಗೆ ಬಂದ ಮೇಲೆ ಕೊನೆಯ ಕೀಲಿ ಕೊಡಿ. ಮಾಲೀಕರ ಎದುರೇ ಮೀಟರ್ ರೀಡಿಂಗಿನ ಫೋಟೋ ತೆಗೆಯಿರಿ. ಹೊರಡುವ ಮೊದಲು ಸೇವಾಸಿಂಧುವಿಗೆ ಹೋಗಿ ನಿಮ್ಮ ಆಧಾರ್ ಅನ್ನು ಆ ಆರ್‌ಆರ್ ನಂಬರಿನಿಂದ ಡಿ-ಲಿಂಕ್ ಮಾಡಿ. ಇಲ್ಲದಿದ್ದರೆ ಹೊಸ ಮನೆಯಲ್ಲಿ ನಿಮಗೆ ಗೃಹಜ್ಯೋತಿ ಹತ್ತುವುದಿಲ್ಲ, ಹಳೆ ಮನೆಗೆ ಬಂದವರು ನಿಮಗೇ ಫೋನ್ ಮಾಡುತ್ತಿರುತ್ತಾರೆ.